ಬಯಲನ್ನು ಬಿಡಿಸೋದು ಸುಲಭವಲ್ಲ

ಬೆಂಗಳೂರಿನಿಂದ ಬರುವ ರೈಲು ಕಡೂರು ದಾಟಿ ಬೀರೂರಿಗೆ ಬಂತೆಂದರೆ ಹಳಿ ಎರಡಾಗುತ್ತದೆ. ಒಂದು ತರೀಕೆರೆ, ಭದ್ರಾವತಿ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರ, ಚಿಕ್ಕಜಾಜೂರು ಮೇಲೆ ಹುಬ್ಬಳ್ಳಿಗೆ. ಮೊದಲ ಹಳಿ ಹಿಡಿದವರಿಗೆ ಅಡಿಕೆ ತೋಟ, ಬೆಟ್ಟ, ಹಸಿರು. ನಮ್ಮ ಹಳಿ ಹಿಡಿದವರಿಗೆ ಬರೀ ಬಯಲು. ತರೀಕೆರೆ ಕಡೆ ಹೋಗುವವರು ಕಿಟಕಿಗೆ ಮೊಬೈಲ್ ಹಿಡಿಯುತ್ತಾರೆ. ಅಜ್ಜಂಪುರ ಕಡೆ ಬರುವವರು ನಿದ್ದೆ ಹೊಡೆಯುತ್ತಾರೆ.

ನಾನು ಚಿತ್ರ ಬಿಡಿಸುವುದು ಈ ನಿದ್ದೆ ಬರಿಸುವ ಬಯಲಿನದ್ದೇ. ಓದುತ್ತಿರುವುದು ಬಿಇ ಕಂಪ್ಯೂಟರ್ ಸೈನ್ಸ್, ಐದನೇ ಸೆಮಿಸ್ಟರ್. ವಾರವಿಡೀ ಕೋಡ್, ಶನಿವಾರ ಊರಿಗೆ ಬಂದರೆ ಚಿತ್ರ. ಸ್ಟುಡಿಯೊ ಎಂದಾಗ ದೊಡ್ಡ ಕಿಟಕಿ, ಕ್ಯಾನ್‌ವಾಸ್, ಎಣ್ಣೆಬಣ್ಣದ ವಾಸನೆ ನೆನಪಾದರೆ ನಿಮ್ಮ ತಪ್ಪಲ್ಲ. ನನ್ನ ಸ್ಟುಡಿಯೊದಲ್ಲಿ ಈರುಳ್ಳಿ ವಾಸನೆ. ಚೀಲಗಳನ್ನು ಇಡುವ ಕೋಣೆಯ ಮೂಲೆಯಲ್ಲಿ ಒಂದು ಟೇಬಲ್, ಲ್ಯಾಪ್‌ಟಾಪ್, ಪೆನ್ ಟ್ಯಾಬ್ಲೆಟ್. ಬಳಸುವ ಸಾಫ್ಟ್‌ವೇರ್ ಕ್ರಿಟಾ. ಅದು ಮುಕ್ತ ತಂತ್ರಾಂಶ, ಪೈಸೆ ಖರ್ಚಿಲ್ಲ. ಈರುಳ್ಳಿ ಕಿತ್ತು ತಂದ ತಿಂಗಳು ಮಾತ್ರ ಸ್ಟುಡಿಯೊ ಹಜಾರಕ್ಕೆ ಶಿಫ್ಟ್ ಆಗುತ್ತದೆ.

ನೀಲಿ ಬೆಟ್ಟದ ಲೆಕ್ಕ

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಭೂಗೋಳವೇ ಒಂದು ಬಣ್ಣದ ಪಟ್ಟಿ. ಪಶ್ಚಿಮಕ್ಕೆ ಬಾಬಾಬುಡನ್‌ಗಿರಿ ಸಾಲು, ಅದರಲ್ಲಿ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ. ಮುಂಗಾರಿನ ಮೋಡ ಬೆಟ್ಟದ ಆಚೆಗೇ ಹೆಚ್ಚು ಸುರಿದು ಹಗುರಾಗಿ ಈಚೆ ಬರುತ್ತದೆ. ಹಾಗಾಗಿ ಬೆಟ್ಟದ ಬುಡದಲ್ಲಿ ಅಡಿಕೆಯ ಕಡುಹಸಿರು, ಸ್ವಲ್ಪ ಪೂರ್ವಕ್ಕೆ ತೆಂಗು, ರಾಗಿ, ಇನ್ನೂ ಮುಂದೆ ಎರೆಮಣ್ಣು, ಕಡಲೆ, ಈರುಳ್ಳಿ. ಬಸ್ಸಿನಲ್ಲಿ ಒಂದೆರಡು ಗಂಟೆ ಕೂತರೆ ಇಷ್ಟೂ ಬಣ್ಣ ಕಣ್ಣೆದುರು ಬದಲಾಗುತ್ತವೆ.

ಬಯಲಿನಿಂದ ನೋಡಿದರೆ ಆ ಬೆಟ್ಟ ಹಸಿರಾಗಿ ಕಾಣುವುದಿಲ್ಲ, ನೀಲಿಯಾಗಿ ಕಾಣುತ್ತದೆ. ಕಾರಣ ನಾವು ಪಿಯುಸಿಯಲ್ಲಿ ಓದಿದ್ದೇ. ಬೆಳಕಿನ ಕಿರು ತರಂಗಗಳು, ಅಂದರೆ ನೀಲಿ, ಗಾಳಿಯಲ್ಲಿ ಹೆಚ್ಚು ಚದುರುತ್ತವೆ. ನಮಗೂ ಬೆಟ್ಟಕ್ಕೂ ನಡುವೆ ಗಾಳಿ ಹೆಚ್ಚಿದಷ್ಟೂ ನೀಲಿ ಹೆಚ್ಚು, ಗೆರೆ ಮಸುಕು. ನಾನು ಇದನ್ನೇ ಪರದೆಯ ಮೇಲೆ ಮಾಡುತ್ತೇನೆ. ಒಂದೊಂದು ದೂರಕ್ಕೆ ಒಂದೊಂದು ಲೇಯರ್. ಹಿಂದಿನ ಲೇಯರ್‌ಗೆ ನೀಲಿ ಬೆರೆಸಿ ಕಾಂಟ್ರಾಸ್ಟ್ ಇಳಿಸುವುದು, ಮುಂದಿನದಕ್ಕೆ ಮಣ್ಣಿನ ಬಿಸಿ ಕೊಡುವುದು. ಸಾಮಾನ್ಯವಾಗಿ ಒಂದು ಚಿತ್ರಕ್ಕೆ ಹದಿನಾಲ್ಕು ಲೇಯರ್ ಆಗುತ್ತವೆ.

ಇಲ್ಲಿ ಎಂಜಿನಿಯರಿಂಗ್ ಲೆಕ್ಕವೂ ಇದೆ. ಎ3 ಅಳತೆಯಲ್ಲಿ ಚೆನ್ನಾಗಿ ಪ್ರಿಂಟ್ ಆಗಬೇಕಾದರೆ ಇಂಚಿಗೆ 300 ಚುಕ್ಕಿ ಬೇಕು. ಅಂದರೆ 3508 x 4961 ಪಿಕ್ಸೆಲ್, ಸುಮಾರು 1.74 ಕೋಟಿ ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ನಾಲ್ಕು ಬೈಟ್ ಹಿಡಿದರೆ ತುಂಬಿದ ಲೇಯರ್ ಒಂದಕ್ಕೆ 70 ಎಂಬಿ. ಹದಿನಾಲ್ಕು ಲೇಯರ್‌ಗೆ ಹತ್ತಿರ ಹತ್ತಿರ ಒಂದು ಜಿಬಿ. ನನ್ನ ಹಳೇ ಲ್ಯಾಪ್‌ಟಾಪ್‌ನ ಫ್ಯಾನ್ ರಾಗಿ ಗಿರಣಿಯಂತೆ ಸದ್ದು ಮಾಡಲು ಇದೇ ಕಾರಣ.

ಆಮೇಲೆ ಪ್ರಿಂಟ್‌ನ ಪಾಡು. ಪರದೆ ಬಣ್ಣ ತೋರಿಸುವುದು ಬೆಳಕಿನಲ್ಲಿ, ಕಾಗದ ತೋರಿಸುವುದು ಶಾಯಿಯಲ್ಲಿ. ಪರದೆಯ ಮೇಲೆ ಮಿಂಚುವ ಎಳೇ ರಾಗಿ ಪೈರಿನ ಹಸಿರು ಕಾಗದಕ್ಕೆ ಇಳಿದಾಗ ನೀರಿಲ್ಲದ ಪೈರಿನಂತೆ ಸೊರಗುತ್ತದೆ. ಅದಕ್ಕೆ ಮೊದಲು ಸಣ್ಣ ತುಂಡು ಪ್ರಿಂಟ್ ತೆಗೆದು, ಬಣ್ಣ ತಿದ್ದಿ, ಮತ್ತೆ ತೆಗೆಯಬೇಕು. ಡಿಜಿಟಲ್ ಎಂದರೆ ಒಂದು ಬಟನ್ ಒತ್ತುವುದು ಎಂದುಕೊಂಡವರು ಒಮ್ಮೆ ನನ್ನ ಜೊತೆ ಪ್ರಿಂಟ್ ಅಂಗಡಿಗೆ ಬರಬೇಕು.

ಹಿಂದಿನವರು ಹಾಕಿದ ದಾರಿ

ಲೇಯರ್ ನಮ್ಮ ಕಾಲದ ಹೊಸ ಉಪಾಯವೇನಲ್ಲ. ಮೈಸೂರು ಅರಮನೆಗೆ ಚಿತ್ರ ಬರೆಯುತ್ತಿದ್ದ ಮನೆತನದ ಕೆ. ವೆಂಕಟಪ್ಪ ಕೋಲ್ಕತ್ತದಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತವರು. ತೆಳು ಬಣ್ಣ ಹಚ್ಚಿ, ತೊಳೆದು, ಮತ್ತೆ ಹಚ್ಚುವ ‘ವಾಶ್’ ವಿಧಾನ ಆ ಗುರುವಿನದು. ಪಾರದರ್ಶಕ ಲೇಯರ್ ಅಂದರೆ ಅದೇ ತಾನೇ? ವೆಂಕಟಪ್ಪ ಮುಂದೆ ಊಟಿ, ಕೊಡೈಕೆನಾಲ್‌ನ ನಿಸರ್ಗವನ್ನು ಜಲವರ್ಣದಲ್ಲಿ ಬಿಡಿಸಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಕಲಾ ಗ್ಯಾಲರಿಗೆ ಅವರದೇ ಹೆಸರು.

ಇನ್ನೊಬ್ಬರು ರುಮಾಲೆ ಚನ್ನಬಸವಯ್ಯ (1910–1988). ಸ್ವಾತಂತ್ರ್ಯ ಹೋರಾಟಕ್ಕಾಗಿ ಕುಂಚ ಬದಿಗಿಟ್ಟು, ಎಷ್ಟೋ ವರ್ಷಗಳ ನಂತರ 1960ರ ದಶಕದಲ್ಲಿ ಮತ್ತೆ ಕೈಗೆತ್ತಿಕೊಂಡವರು. ಬಯಲಲ್ಲೇ ನಿಂತು ಬೆಂಗಳೂರಿನ ಹೂಮರಗಳನ್ನು ಬಿಡಿಸಿದರು. ಕಲೆಗೆ ಗ್ಯಾಪ್ ಆಯಿತು ಎಂದು ಕೊರಗುವ ನಮ್ಮಂಥವರು ಇವರನ್ನು ನೆನೆಯಬೇಕು.

ಅಮೂರ್ತ ನಿಸರ್ಗಚಿತ್ರಕ್ಕೆ ನನಗೆ ದಾರಿ ತೋರಿದ್ದು ಮುಂಬೈನ ಅಕ್ಬರ್ ಪದಮ್ಸೀ. 1970ರ ದಶಕದ ಅವರ ‘ಮೆಟಾಸ್ಕೇಪ್’ ಸರಣಿಯಲ್ಲಿ ಸೂರ್ಯ, ಚಂದ್ರ, ನೀರು, ಬೆಟ್ಟ ಎಲ್ಲ ಇವೆ, ಆದರೆ ಯಾವ ಊರು ಎಂದು ಬೆರಳಿಟ್ಟು ಹೇಳಲಾಗದು. ಮುಂದೆ ಅವರು ಕಂಪ್ಯೂಟರ್‌ನಲ್ಲೂ ಚಿತ್ರ ಮಾಡಿದರು. ಇಂಗ್ಲೆಂಡಿನ ಡೇವಿಡ್ ಹಾಕ್ನಿ 2011ರಲ್ಲಿ ಯಾರ್ಕ್‌ಷೈರ್‌ನ ಒಂದು ಹಳ್ಳಿ ರಸ್ತೆಗೆ ವಸಂತ ಬರುವುದನ್ನು ಐಪ್ಯಾಡ್‌ನಲ್ಲಿ ದಿನದಿನವೂ ಬಿಡಿಸಿದಾಗ ಅವರಿಗೆ ಎಪ್ಪತ್ತು ದಾಟಿತ್ತು. ಪೆನ್ ಟ್ಯಾಬ್ಲೆಟ್ ಹುಡುಗರ ಆಟ ಎನ್ನುವವರಿಗೆ ಇಷ್ಟು ಸಾಕು.

‘ಇದು ನಮ್ಮ ಹೊಲ ಅಲ್ಲ’

ಅಮೂರ್ತ ಎಂದರೆ ಅರ್ಥವಾಗದ್ದು ಎಂಬ ಮಾತಿದೆ. ನಾನೊಮ್ಮೆ ಬರೀ ಅಡ್ಡ ಪಟ್ಟಿಗಳ ಚಿತ್ರ ಮಾಡಿದ್ದೆ. ಮೇಲೆ ಬೂದು, ನಡುವೆ ತೆಳು ನೀಲಿ, ಕೆಳಗೆ ಕೆಂಪು, ಒಂದು ಗೀರು ಹಳದಿ. ಕಾಲೇಜಿನ ಗೆಳೆಯರು ‘ಇದೇನು, ಬಾವುಟವಾ?’ ಅಂದರು. ಅಜ್ಜಿ ಕನ್ನಡಕ ಏರಿಸಿ ನೋಡಿ, ‘ಇದು ನಮ್ಮ ಹೊಲ ಅಲ್ಲ. ನಮ್ಮದು ಕರೇ ಭೂಮಿ. ಇದು ಕಡೂರು ಕಡೆ ಮಣ್ಣು’ ಅಂದರು. ಅದು ಕಡೂರು ಬಳಿಯೇ ಬಿಡಿಸಿದ್ದು. ಮಣ್ಣು ಗೊತ್ತಿರುವವರಿಗೆ ಬಣ್ಣದ ಪಟ್ಟಿ ಸಾಕು, ಮರ ಮನೆ ಬೇಕಿಲ್ಲ.

‘ಎಐಗೆ ಒಂದು ಸಾಲು ಹೇಳಿದರೆ ಚಿತ್ರ ಕೊಡುತ್ತಲ್ಲ, ನೀನ್ಯಾಕೆ ಒದ್ದಾಡ್ತೀಯ?’ ಎಂದು ಕೇಳುವವರಿದ್ದಾರೆ. ನಾನೂ ಕೇಳಿ ನೋಡಿದೆ. ಅಜ್ಜಂಪುರದ ಹೊಲ ಅಂದರೆ ಭತ್ತದ ಗದ್ದೆ, ಬಾಗಿದ ತೆಂಗಿನಮರ ಕೊಟ್ಟಿತು. ಅದಕ್ಕೆ ನಮ್ಮ ಕಾವಲು ಗೊತ್ತಿಲ್ಲ. ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲುಗಾವಲುಗಳು ನಮ್ಮ ಭಾಗದ ಹೆಮ್ಮೆ. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರವೇ ಇದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವಾಯಿತು. ಹೊರಗಿನವರ ಕಣ್ಣಿಗೆ ಅದು ‘ಖಾಲಿ ಜಾಗ’. ಖಾಲಿ ಎಂದು ಕರೆದ ಜಾಗವನ್ನು ಯಾರು ಬೇಕಾದರೂ ತುಂಬಬಹುದು ಎಂಬುದೇ ನನ್ನ ಭಯ. ಆ ಒಣಹುಲ್ಲಿನಲ್ಲಿ ನಾನು ಈವರೆಗೆ ಹನ್ನೊಂದು ಬಗೆಯ ಹಳದಿ ಗುರುತಿಸಿ ಇಟ್ಟುಕೊಂಡಿದ್ದೇನೆ. ಒಂದೇ ಜಾಗವನ್ನು ತಿಂಗಳಿಗೊಮ್ಮೆ ಬಿಡಿಸಿ, ಫೈಲಿಗೆ ತಾರೀಕಿನ ಹೆಸರು ಕೊಡುತ್ತೇನೆ. ರಾಗಿ ಹೊಲ ಅಡಿಕೆ ತೋಟವಾಗಿದ್ದು, ನಾಲೆ ಅಗೆದಲ್ಲಿ ಕೆಂಪು ಮಣ್ಣು ಗುಡ್ಡೆ ಬಿದ್ದಿದ್ದು ಆ ಫೈಲುಗಳಲ್ಲಿ ಕಾಣುತ್ತವೆ.

ಹೊಟ್ಟೆಪಾಡಿನ ಪ್ರಶ್ನೆ

ಈವರೆಗೆ ಮಾರಾಟವಾಗಿರುವುದು ನಾಲ್ಕು ಪ್ರಿಂಟ್. ಅಪ್ಪನಿಗೆ ಇದು ಗೊತ್ತು, ‘ಮೊದಲು ಡಿಗ್ರಿ ಮುಗಿಸು’ ಎಂಬ ಮಾತಿನ ಅರ್ಥ ನನಗೂ ಗೊತ್ತು. ಆದರೆ ದಾರಿಗಳೇ ಇಲ್ಲವೆಂದಲ್ಲ. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದು ಕರ್ನಾಟಕ 2012ರಲ್ಲೇ ನೀತಿ ರೂಪಿಸಿತು. ಗೇಮ್‌ಗಳಲ್ಲಿ ಬೆಟ್ಟ, ಬಯಲು, ಆಕಾಶ ಕಟ್ಟುವವರಿಗೆ ‘ಎನ್ವಿರಾನ್‌ಮೆಂಟ್ ಆರ್ಟಿಸ್ಟ್’ ಎಂಬ ಹುದ್ದೆಯೇ ಇದೆ. ಚಿತ್ರವೂ ಕೋಡೂ ಗೊತ್ತಿದ್ದರೆ ಅಲ್ಲಿ ಅನುಕೂಲ. ಕಲೆಯನ್ನೇ ಓದುವವರಿಗೆ ನಮಗೆ ಹತ್ತಿರವಾಗಿ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯವಿದೆ. ಮೈಸೂರಿನಲ್ಲಿ ಕಾವಾ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಇವೆ. ಪರಿಷತ್ತಿನ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯೇ ಗ್ಯಾಲರಿಯಾಗುತ್ತದೆ.

ಮುಂದಿನ ವರ್ಷ ಪ್ಲೇಸ್‌ಮೆಂಟ್ ಶುರು. ರೆಸ್ಯೂಮೆ ಜೊತೆ ಈ ಬಯಲಿನ ಹನ್ನೆರಡು ತಿಂಗಳನ್ನೂ ಪೋರ್ಟ್‌ಫೋಲಿಯೊ ಮಾಡಿ ಕಳಿಸುವುದು ಎಂದು ತೀರ್ಮಾನಿಸಿದ್ದೇನೆ. ಎಂಟು ತಿಂಗಳ ಚಿತ್ರ ಮುಗಿದಿವೆ. ಕಡಲೆ ಕಿತ್ತ ಮೇಲಿನ ಕಪ್ಪು ನೆಲ ಇನ್ನೂ ಬಾಕಿ ಇದೆ. ಕಪ್ಪಿನಲ್ಲೂ ಎಷ್ಟು ಬಗೆ ಎಂದು ನೋಡಬೇಕು. ನಿಮ್ಮೂರಲ್ಲೂ ಯಾರೂ ಫೋಟೊ ತೆಗೆಯದ ಜಾಗ ಒಂದಾದರೂ ಇದ್ದೇ ಇರುತ್ತದೆ. ಅಲ್ಲಿಂದಲೇ ಶುರು ಮಾಡಿ.