ಕಂಕುಳ ಅತಿ ಬೆವರಿಗೆ ಸೂಜಿಮದ್ದು



ಬಿಸಿಲಿನಲ್ಲಿ ದುಡಿಯುವ ಮೈಯನ್ನು ತಂಪಾಗಿಡುವುದೇ ಬೆವರಿನ ಕೆಲಸ. ಆದರೆ ಕೆಲವರಿಗೆ ನೆರಳಿನಲ್ಲಿ ಸುಮ್ಮನೆ ಕುಳಿತಿದ್ದರೂ, ಚಳಿಗಾಲದಲ್ಲೂ, ಎರಡು ಕಂಕುಳೂ ತೊಯ್ದು ಬಟ್ಟೆ ಒದ್ದೆಯಾಗುತ್ತದೆ. ಅಂಥವರು ಮದುವೆ ಮನೆಗೆ ಹೋಗಲೂ ನಾಚುತ್ತಾರೆ. ಇದು ಕೊಳಕುತನವಲ್ಲ, ಒಂದು ಕಾಯಿಲೆ. ಸಾಮಾನ್ಯವಾಗಿ ಹರೆಯದಲ್ಲಿ ಮೊದಲಾಗುತ್ತದೆ, ನಿದ್ರೆಯಲ್ಲಿ ನಿಲ್ಲುತ್ತದೆ.

ಕಾರಣವೇನು? ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಸ ಹೊರಟು ಬೆವರಿನ ಗ್ರಂಥಿಯನ್ನು ತಟ್ಟಿದಾಗ ಬೆವರು ಬರುತ್ತದೆ. ತೂಬು ಎತ್ತಿದರೆ ಗದ್ದೆಗೆ ನೀರು ಹರಿಯುವಂತೆ. ಇಂಥವರಲ್ಲಿ ಬೇಡದಾಗಲೂ ತೂಬು ತೆರೆದಿರುತ್ತದೆ.

ಮೊದಲು ಹಚ್ಚುವ ಮದ್ದು. ವೈದ್ಯರು ಹೇಳಿದಂತೆ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣವನ್ನು ರಾತ್ರಿ ಮಲಗುವಾಗ ಒಣಗಿದ ಕಂಕುಳಿಗೆ ಹಚ್ಚಿ, ಬೆಳಿಗ್ಗೆ ತೊಳೆಯಬೇಕು. ಇದರಿಂದ ಗುಣ ಕಾಣದಿದ್ದರೆ ಸೂಜಿಮದ್ದಿನ ಮಾತು.

ಈ ಮದ್ದಿನ ಹೆಸರು ಬೊಟುಲಿನಂ ಟಾಕ್ಸಿನ್. ಕೆಟ್ಟ ಡಬ್ಬಿ ಆಹಾರದಲ್ಲಿ ಬೆಳೆಯುವ ಒಂದು ರೋಗಾಣುವಿನ ವಿಷವಿದು. ಶುದ್ಧಿ ಮಾಡಿ, ಅತ್ಯಲ್ಪ ಅಳತೆಯಲ್ಲಿ ಕೊಟ್ಟರೆ ಆ ತೂಬನ್ನು ಮುಚ್ಚುತ್ತದೆ. ಕಂಕುಳ ಅತಿ ಬೆವರಿಗೆ ಇದನ್ನು ಬಳಸಲು ಅಮೆರಿಕ 2004ರಲ್ಲಿ ಒಪ್ಪಿಗೆ ಕೊಟ್ಟಿತು. ವೈದ್ಯರು ಅಯೋಡಿನ್ ಹಚ್ಚಿ ಗಂಜಿಪುಡಿ ಉದುರಿಸುತ್ತಾರೆ. ಬೆವರುವ ಜಾಗ ಕಪ್ಪಾಗುತ್ತದೆ. ಅಲ್ಲಿ, ಒಂದೊಂದು ಕಂಕುಳಿಗೆ 10ರಿಂದ 15 ಕಡೆ, ಚರ್ಮದೊಳಗೆ ಸಣ್ಣ ಸೂಜಿಯಿಂದ ಚುಚ್ಚುತ್ತಾರೆ. ಸುಮಾರು ಒಂದು ವಾರದಲ್ಲಿ ಬೆವರು ತಗ್ಗುತ್ತದೆ. ಮೈಯ ಉಳಿದ ಭಾಗ ಎಂದಿನಂತೆ ಬೆವರುವುದರಿಂದ ಹೊಲದ ಕೆಲಸಕ್ಕೆ ತೊಡಕಿಲ್ಲ.

ಆದರೆ ಗುಣ ಶಾಶ್ವತವಲ್ಲ. ಹಲವರಿಗೆ ಆರೇಳು ತಿಂಗಳಲ್ಲಿ ಬೆವರು ಮರಳುತ್ತದೆ, ಮತ್ತೆ ಚುಚ್ಚಿಸಬೇಕು. ಮದ್ದು ದುಬಾರಿ. ಸಾಲ ಮಾಡುವ ಮುನ್ನ ಒಟ್ಟು ಖರ್ಚು ಕೇಳಿ ತಿಳಿಯಿರಿ. ಬಸುರಿ, ಬಾಣಂತಿಯರು, ಸ್ನಾಯುಗಳ ನಿಶ್ಶಕ್ತಿ ರೋಗವಿರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಚರ್ಮರೋಗ ತಜ್ಞರ ಹೊರತು ಬೇರೆ ಕಡೆ ಚುಚ್ಚಿಸಿಕೊಳ್ಳಬೇಡಿ.

ಎಲ್ಲ ಬೆವರೂ ಒಂದೇ ಅಲ್ಲ. ರಾತ್ರಿ ಮೈಯೆಲ್ಲಾ ಬೆವರಿ, ಜ್ವರ, ಕೆಮ್ಮು ಬಂದು ತೂಕ ಇಳಿದರೆ ಕ್ಷಯವಿರಬಹುದು. ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಿರಿ. ಕೀಟನಾಶಕ ಸಿಂಪಡಿಸಿದ ಮೇಲೆ ಒಮ್ಮೆಲೇ ಬೆವರಿ, ಜೊಲ್ಲು ಸುರಿದು, ಕಣ್ಣು ಮಂಜಾದರೆ ಅದು ವಿಷವೇರಿದ ಗುರುತು. ಆಗ ತೊಟ್ಟ ಬಟ್ಟೆ ಕಳಚಿ, ಸೋಪಿನಿಂದ ಮೈ ತೊಳೆದು, ಔಷಧದ ಡಬ್ಬಿಯೊಡನೆ ಕೂಡಲೇ ಆಸ್ಪತ್ರೆಗೆ ಧಾವಿಸಿರಿ.

ನಾಚಿಕೆಯಿಂದ ಮುಚ್ಚಿಟ್ಟ ಕಾಯಿಲೆಗೆ ಮದ್ದಿಲ್ಲ. ಬಾಯಿಬಿಟ್ಟು ಹೇಳಿದರೆ ದಾರಿಯುಂಟು.