ಜೀಪಿನ ಹಲ್ಲುಚಕ್ರಗಳು

ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಜೀಪಿನ ಬೆಲೆ ತಿಳಿದಿರುತ್ತದೆ. ಬಸ್ಸು ಹೋಗಲಾರದ ಕೆಸರಿನ ಏರುದಾರಿಯಲ್ಲಿ ಕಾಯಿಲೆಯವರನ್ನು ಆಸ್ಪತ್ರೆಗೆ, ಕಾಫಿಯ ಮೂಟೆಗಳನ್ನು ಪೇಟೆಗೆ ಮುಟ್ಟಿಸುವ ವಾಹನ ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ರೂಪುಗೊಂಡ ಈ ವಾಹನವನ್ನು ಮುಂದೆ ಮಹೀಂದ್ರ ಸಂಸ್ಥೆಯು ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಎಂಜಿನ್ನಿನ ಶಕ್ತಿ ನಾಲ್ಕು ಗಾಲಿಗಳಿಗೂ ಹರಿಯಬಲ್ಲುದೆಂಬುದೇ ಇದರ ವಿಶೇಷ.

ಸಕಲೇಶಪುರದ ಕಡೆಯ ನಮ್ಮ ಬಂಧುಗಳ ಮನೆಯಲ್ಲಿ ಹಳೆಯ ಸಿಜೆ-3ಬಿ ಜೀಪೊಂದಿದೆ. ಕೆಲವು ವರ್ಷಗಳ ಹಿಂದೆ ಅದರ ಹಿಂದಿನ ಅಚ್ಚಿನಿಂದ ನರಳಿಕೆಯಂಥ ಸದ್ದು ಕೇಳಿಬರತೊಡಗಿತು. ಹಳೆಯ ಗಾಡಿಗೆ ಸದ್ದು ಸಹಜವೆಂದು ಎಲ್ಲರೂ ಸುಮ್ಮನಿದ್ದೆವು. ಊರಿನ ಮೆಕ್ಯಾನಿಕ್ ಮಾತ್ರ, "ಮೇಷ್ಟ್ರೇ, ಹೀಗೇ ಬಿಟ್ಟರೆ ಒಂದು ದಿನ ಇದು ನಡುದಾರಿಯಲ್ಲಿ ನಿಲ್ಲುತ್ತದೆ. ಅವತ್ತು ಒಳಗೆ ಯಾರಿರುತ್ತಾರೋ!" ಎಂದರು.

ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿರುವ ಲೋಹದ ಕರಡಿಗೆಯನ್ನು ನೀವು ನೋಡಿರಬಹುದು. ಅದರೊಳಗಿರುವುದೇ ಡಿಫರೆನ್ಷಿಯಲ್. ವಾಹನವು ತಿರುವಿನಲ್ಲಿ ಸಾಗುವಾಗ ಹೊರಬದಿಯ ಗಾಲಿ ಒಳಬದಿಯ ಗಾಲಿಗಿಂತ ಹೆಚ್ಚು ದೂರ ಓಡಬೇಕು. ಜೀಪಿನ ಎಡಬಲ ಗಾಲಿಗಳ ನಡುವಣ ಅಂತರ ಸುಮಾರು 1.25 ಮೀಟರು. ಅರ್ಧವೃತ್ತವಾಗಿ ತಿರುಗುವಷ್ಟರಲ್ಲಿ ಹೊರಗಾಲಿಯು ಸುಮಾರು 3.9 ಮೀಟರು ಹೆಚ್ಚು ಉರುಳಬೇಕೆಂಬುದನ್ನು ರೇಖಾಗಣಿತ ಬಲ್ಲ ನೀವೇ ಲೆಕ್ಕ ಹಾಕಬಹುದು. ಎರಡನ್ನೂ ಒಂದೇ ದಂಡಕ್ಕೆ ಬಿಗಿದಿದ್ದರೆ ಟೈರುಗಳು ನೆಲವನ್ನು ಉಜ್ಜಿಕೊಂಡೇ ಹೋಗಬೇಕಾಗುತ್ತಿತ್ತು. ಕರಡಿಗೆಯೊಳಗಿನ ಪುಟ್ಟ ಹಲ್ಲುಚಕ್ರಗಳು ಈ ವ್ಯತ್ಯಾಸಕ್ಕೆ ಎಡೆಗೊಡುತ್ತವೆ.

ಅಲ್ಲಿಯೇ ಇನ್ನೊಂದು ಜೋಡಿಯೂ ಇದೆ. ಎಂಜಿನ್ನಿನ ಕಡೆಯಿಂದ ಬರುವ ಶಕ್ತಿಯಿಂದ ಪಿನಿಯನ್ ಎಂಬ ಚಿಕ್ಕ ಚಕ್ರ ತಿರುಗಿ, ಕ್ರೌನ್ ಎಂಬ ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ನಮ್ಮ ಜೀಪಿನಲ್ಲಿ ಪಿನಿಯನ್ನಿಗೆ 8 ಹಲ್ಲುಗಳು, ಕ್ರೌನಿಗೆ 43. ಅಂದರೆ ಪಿನಿಯನ್ ಸುಮಾರು 5.38 ಸುತ್ತು ತಿರುಗಿದಾಗ ಕ್ರೌನ್ ಒಂದು ಸುತ್ತು ತಿರುಗುತ್ತದೆ. ವೇಗ ತಗ್ಗುತ್ತದೆ, ತಿರುಗಿಸುವ ಬಲ ಹೆಚ್ಚುತ್ತದೆ.

ಸದ್ದಿಗೂ ಒಂದು ಭಾಷೆಯುಂಟು. ವೇಗವರ್ಧಕವನ್ನು ಒತ್ತಿದಾಗ ಮತ್ತು ಬಿಟ್ಟಾಗ ನರಳಿಕೆಯ ಸ್ವರ ಬದಲಾದರೆ ಕ್ರೌನ್-ಪಿನಿಯನ್ ಹಲ್ಲುಗಳ ಮೇಲೆ ಸಂದೇಹ. ಒತ್ತಿದರೂ ಬಿಟ್ಟರೂ ಒಂದೇ ಸಮನೆ ಗೊರಗೊರ ಎಂದರೆ ಬೇರಿಂಗು ಸವೆದಿರಬಹುದು. ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಪುಟ್ಟ ಚಕ್ರಗಳನ್ನು ನೋಡಬೇಕು. ಮೆಕ್ಯಾನಿಕ್ ಎಣ್ಣೆಯನ್ನು ಬಸಿದು, ಅದರಲ್ಲಿ ಆಯಸ್ಕಾಂತವನ್ನು ಆಡಿಸಿದರು. ಉಕ್ಕಿನ ಚೂರುಗಳು ಮೆತ್ತಿಕೊಂಡು ಬಂದವು. ಕ್ರೌನಿನ ಹಲ್ಲುಗಳ ಮೈ ಕಿತ್ತುಹೋಗಿತ್ತು.

ಬಿಡಿಭಾಗಗಳಿಗಾಗಿ ನಾವಿಬ್ಬರೂ ಬೆಂಗಳೂರಿಗೆ ಬಂದೆವು. ಶಿವಾಜಿನಗರದ ಗುಜರಿ ಅಂಗಡಿಯೊಂದರಲ್ಲಿ ಕ್ರೌನ್-ಪಿನಿಯನ್ ಜೋಡಿಯೊಂದು ಕಡಿಮೆ ಬೆಲೆಗೆ ದೊರೆಯುವಂತಿತ್ತು. ಹಲ್ಲುಗಳು ಹೊಳೆಯುತ್ತಿದ್ದವು. ನಾನು ಹಣ ತೆಗೆಯುವಷ್ಟರಲ್ಲಿ ಮೆಕ್ಯಾನಿಕ್, "ಸ್ವಲ್ಪ ತಡೆಯಿರಿ ಮೇಷ್ಟ್ರೇ, ಮೊದಲು ಹಲ್ಲು ಎಣಿಸಿ" ಎಂದರು. ಎಣಿಸಿದೆ. ಪಿನಿಯನ್ನಿನಲ್ಲಿ 8, ಕ್ರೌನಿನಲ್ಲಿ 39!

ನಾಲ್ಕು ಹಲ್ಲುಗಳ ಕೊರತೆ ಅಷ್ಟು ದೊಡ್ಡದೇ ಎಂದು ನನಗೆ ಅನಿಸಿತು. ಆದರೆ ಮುಂದಿನ ಅಚ್ಚಿನಲ್ಲಿರುವುದು 43 ಹಲ್ಲುಗಳ ಕ್ರೌನ್. ನಾಲ್ಕು ಗಾಲಿಗಳಿಗೂ ಶಕ್ತಿ ಕೊಟ್ಟಾಗ ಎರಡು ಅಚ್ಚುಗಳ ದಂಡಗಳೂ ಒಂದೇ ವೇಗದಲ್ಲಿ ತಿರುಗುತ್ತವೆ. ಹಲ್ಲುಗಳ ಲೆಕ್ಕ ಬೇರೆಯಾದರೆ ಮುಂದಿನ ಗಾಲಿ ಒಂದು ವೇಗದಲ್ಲಿ, ಹಿಂದಿನ ಗಾಲಿ ಇನ್ನೊಂದು ವೇಗದಲ್ಲಿ ಓಡಬಯಸುತ್ತವೆ. ನೆಲ ಗಟ್ಟಿಯಾಗಿದ್ದರೆ ಆ ಎಳೆದಾಟದಲ್ಲಿ ಟೈರು ಸವೆಯುತ್ತದೆ, ಇಲ್ಲವೇ ಉಕ್ಕು ಮುರಿಯುತ್ತದೆ. ಮೆಕ್ಯಾನಿಕ್ ಹೇಳಿದ 'ಒಂದು ದಿನ'ವನ್ನು ನಾನೇ ಹಣ ಕೊಟ್ಟು ಮನೆಗೆ ತರುವವನಿದ್ದೆ.

ಬಳಿಕ ಜಯಚಾಮರಾಜೇಂದ್ರ ರಸ್ತೆಯ ಅಂಗಡಿಗಳನ್ನು ಹುಡುಕಿ 43 ಮತ್ತು 8 ಹಲ್ಲುಗಳ ಹೊಸ ಜೋಡಿಯನ್ನು ಕೊಂಡೆವು. ಪಿನಿಯನ್ ಒಂದು ಕಡೆ, ಕ್ರೌನ್ ಒಂದು ಕಡೆ ಕೊಳ್ಳುವಂತಿಲ್ಲ. ಕಾರ್ಖಾನೆಯಲ್ಲಿ ಅವೆರಡನ್ನೂ ಒಟ್ಟಿಗೆ ತಿರುಗಿಸಿ, ಹಲ್ಲಿಗೆ ಹಲ್ಲು ಹೊಂದುವಂತೆ ನಯಗೊಳಿಸಿರುತ್ತಾರೆ. ಜೋಡಿ ಅಗಲಿದರೆ ಸದ್ದು ಮರಳಿ ಬರುತ್ತದೆ. ಬೇರಿಂಗುಗಳನ್ನು ಅವುಗಳ ಅಂಚಿನಲ್ಲಿ ಕೊರೆದಿದ್ದ ಸಂಖ್ಯೆ ತೋರಿಸಿ ತಂದೆವು. ಆ ಸಂಖ್ಯೆ ಗೊತ್ತಿದ್ದರೆ ವಾಹನದ ಹೆಸರನ್ನೇ ಹೇಳಬೇಕಾಗಿಲ್ಲ. ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲುಗಳನ್ನು ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರು ಅಳತೆಗಳಿಂದ ಆರಿಸಿದೆವು.

ಜೋಡಿಸುವ ದಿನ ಮೆಕ್ಯಾನಿಕ್ ಕ್ರೌನಿನ ಕೆಲವು ಹಲ್ಲುಗಳಿಗೆ ಬಣ್ಣ ಬಳಿದು, ಚಕ್ರವನ್ನು ಕೈಯಿಂದ ತಿರುಗಿಸಿ, ಪಿನಿಯನ್ ತಾಗಿದ ಗುರುತನ್ನು ಪರೀಕ್ಷಿಸಿದರು. ಗುರುತು ಹಲ್ಲಿನ ಅಂಚಿಗೆ ಸರಿದಿತ್ತು. ಕಾಗದದಷ್ಟು ತೆಳುವಾದ ಉಕ್ಕಿನ ಬಿಲ್ಲೆಯೊಂದನ್ನು ಸೇರಿಸಿ ಮತ್ತೆ ನೋಡಿದರು. ಮೂರನೆಯ ಸಲ ಗುರುತು ನಡುವಿಗೆ ಬಂತು. ಅನಂತರವೇ ಗಿಯರ್ ಎಣ್ಣೆ ತುಂಬಿ ಕರಡಿಗೆಯನ್ನು ಮುಚ್ಚಿದರು.

ನಾನು ಕನ್ನಡದ ಮೇಷ್ಟ್ರು. ಒಂದು ಅಕ್ಷರ ತಪ್ಪಿದರೆ ಪದದ ಅರ್ಥ ಕೆಡುತ್ತದೆಂದು ನಲವತ್ತು ವರ್ಷಗಳ ಹತ್ತಿರ ಹೇಳಿಕೊಟ್ಟವನು. ಆದರೂ ಗುಜರಿ ಅಂಗಡಿಯಲ್ಲಿ ಹೊಳಪಿಗೆ ಮರುಳಾದೆ. ಎಣಿಸಿ ನೋಡುವ ಬುದ್ಧಿಯನ್ನು ಅಂದು ನನಗೆ ಕಲಿಸಿದವರು ಆ ಮೆಕ್ಯಾನಿಕ್. ಮುಂದಿನ ಮಳೆಗಾಲದಲ್ಲಿ, ನಡುರಾತ್ರಿ, ಆ ಜೀಪು ಹೆರಿಗೆಯ ನೋವು ತಿನ್ನುತ್ತಿದ್ದ ಹೆಣ್ಣುಮಗಳೊಬ್ಬಳನ್ನು ಆಸ್ಪತ್ರೆಗೆ ಒಯ್ದಿತು. ದಾರಿಯುದ್ದಕ್ಕೂ ಮಳೆಯ ಸದ್ದಲ್ಲದೆ ಬೇರೆ ಸದ್ದು ಕೇಳಲಿಲ್ಲವೆಂದು ಓಡಿಸಿದವರು ಹೇಳಿದರು.