ತಲೆಯೊಳಗೆ ನೀರು ನಿಂತಾಗ

ಮುಡಬಿಯಲ್ಲಾಗಲಿ, ಬಸವಕಲ್ಯಾಣ–ಹುಮನಾಬಾದ್ ಸೀಮೆಯ ಬೇರಾವ ಹಳ್ಳಿಯಲ್ಲಾಗಲಿ ಒಬ್ಬರಿಗೆ ಲಕ್ವಾ ಹೊಡೆಯಿತೆಂದರೆ ಮನೆಯವರು ಮೊದಲು ಹುಡುಕುವುದು ವಾಹನವನ್ನು. ಬೀದರ್, ಕಲಬುರಗಿ, ಕೆಲವೊಮ್ಮೆ ಸೊಲ್ಲಾಪುರ ಇಲ್ಲವೆ ಹೈದರಾಬಾದ್. ಅಲ್ಲಿ ವೈದ್ಯರು ‘ತಲೆಬುರುಡೆಯ ಒಂದು ಭಾಗ ತೆಗೆಯಬೇಕು’ ಎಂದಾಗ ಎದೆ ಝಲ್ಲೆನ್ನುತ್ತದೆ. ಜೀವ ಉಳಿದು ಊರಿಗೆ ಮರಳಿದ ಮೇಲೆ ಗಂಡಾಂತರ ಕಳೆಯಿತೆಂದುಕೊಳ್ಳುವುದು ಸಹಜ. ಆದರೆ ಕೆಲವರಲ್ಲಿ ವಾರಗಳೋ ತಿಂಗಳುಗಳೋ ಕಳೆದ ಬಳಿಕ ಇನ್ನೊಂದು ತೊಂದರೆ ಸದ್ದಿಲ್ಲದೆ ಬರುತ್ತದೆ. ಅದೇ ಮಿದುಳಿನಲ್ಲಿ ನೀರು ತುಂಬುವುದು.

ಬುರುಡೆಯನ್ನು ತೆರೆಯುವುದಾದರೂ ಏಕೆ? ಮಿದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ರಕ್ತ ಸಿಗದ ಭಾಗ ಕೆಲವೇ ದಿನಗಳಲ್ಲಿ ಊದಿಕೊಳ್ಳುತ್ತದೆ. ಕಾಲು ಉಳುಕಿ ಊದಿದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ, ಬುರುಡೆ ಹಿಗ್ಗದು. ಊದಿದ ಭಾಗ ಉಸಿರಾಟ ನಡೆಸುವ ಮಿದುಳುಕಾಂಡವನ್ನೇ ಒತ್ತತೊಡಗುತ್ತದೆ. ಅದಕ್ಕಾಗಿ ಸುಮಾರು 12 ಸೆಂಟಿಮೀಟರ್ ಅಗಲದ ಮೂಳೆಯನ್ನು ಕತ್ತರಿಸಿ ತೆಗೆಯುತ್ತಾರೆ. ಯೂರೋಪಿನ ಮೂರು ಅಧ್ಯಯನಗಳನ್ನು ಒಟ್ಟುಗೂಡಿಸಿದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. 60 ವರ್ಷದೊಳಗಿನ ಇಂಥ ರೋಗಿಗಳಲ್ಲಿ ಎರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಆದವರ ಪೈಕಿ ವರ್ಷದ ನಂತರ ನೂರಕ್ಕೆ 78 ಮಂದಿ ಬದುಕಿದ್ದರು. ಆಗದವರ ಪೈಕಿ 29 ಮಂದಿ. ತೆಗೆದ ಮೂಳೆಯನ್ನು ಶೀತಕದಲ್ಲಿ, ಇಲ್ಲವೆ ರೋಗಿಯ ಹೊಟ್ಟೆಯ ಚರ್ಮದಡಿಯಲ್ಲೇ ಕಾದಿಡುತ್ತಾರೆ. ತಮ್ಮ ತಲೆಯ ಮೂಳೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಊರಿಗೆ ಬರುವವರಿದ್ದಾರೆ!

ಇನ್ನು ನೀರಿನ ವಿಚಾರ. ಮಿದುಳಿನೊಳಗಿನ ನಾಲ್ಕು ಕೋಣೆಗಳಲ್ಲಿ ತಿಳಿನೀರಿನಂಥ ದ್ರವ ದಿನಕ್ಕೆ ಸುಮಾರು ಅರ್ಧ ಲೀಟರ್ ಉತ್ಪತ್ತಿಯಾಗುತ್ತದೆ. ಆದರೆ ಯಾವುದೇ ಹೊತ್ತಿನಲ್ಲಿ ಇರುವುದು 150 ಮಿಲಿಲೀಟರ್ ಮಾತ್ರ. ಬೀದರಿನ ಕರೇಜ್ ನೋಡಿದವರಿಗೆ ಇದನ್ನು ಊಹಿಸುವುದು ಸುಲಭ. ನೆಲದಡಿಯ ಸುರಂಗದಲ್ಲಿ ನೀರು ಹರಿಯುವಂತೆ ಈ ದ್ರವವೂ ಕಿರುದಾರಿಗಳಲ್ಲಿ ಹರಿದು, ಮಿದುಳಿನ ಮೇಲ್ಭಾಗದಲ್ಲಿ ರಕ್ತಕ್ಕೆ ಇಂಗುತ್ತದೆ. ಈ ಹರಿವಿಗೆ ನಾಡಿಬಡಿತದ ಒತ್ತು ಬೇಕು. ಮೂಳೆಯಿಲ್ಲದ ಕಡೆ ಆ ಒತ್ತು ಮೆತ್ತನೆಯ ಚರ್ಮವನ್ನು ಉಬ್ಬಿಸುವುದರಲ್ಲೇ ವ್ಯಯವಾಗಿ ಇಂಗುವಿಕೆ ಕುಗ್ಗುತ್ತದೆ ಎಂಬುದು ತಜ್ಞರ ಒಂದು ವಿವರಣೆ, ಚರ್ಚೆ ಮುಗಿದಿಲ್ಲ. ಒಳಹರಿವು ಮಾತ್ರ ನಿಲ್ಲುವುದಿಲ್ಲ, ಕೋಣೆಗಳು ಹಿಗ್ಗುತ್ತವೆ.

ಮನೆಯವರು ಎಡವುವುದು ಇಲ್ಲಿಯೇ. ಗೋಡೆ ಹಿಡಿದು ನಡೆಯತೊಡಗಿದ್ದ ಅಪ್ಪ ಮತ್ತೆ ಹಾಸಿಗೆ ಹಿಡಿಯುತ್ತಾರೆ. ಮಾತು ಕಡಿಮೆಯಾಗುತ್ತದೆ, ದಿನವಿಡೀ ಮಂಪರು, ಮರೆವು, ಬಟ್ಟೆಯಲ್ಲೇ ಮೂತ್ರ. ಕೆಲವರಿಗೆ ತಲೆನೋವು, ವಾಂತಿ. ಮೂಳೆ ತೆಗೆದ ಜಾಗ ಗಟ್ಟಿಯಾಗಿ ಉಬ್ಬುವುದೂ ಉಂಟು. ‘ಲಕ್ವಾ ಅಲ್ಲವೇ, ಇಷ್ಟೇ ಸುಧಾರಣೆ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಸುಧಾರಿಸುತ್ತಿದ್ದವರು ಹಿಂದೆ ಬಿದ್ದರೆ ಅದು ಹಣೆಬರಹವಲ್ಲ. ಮರುದಿನವೇ ಆಸ್ಪತ್ರೆಗೆ ಒಯ್ಯಬೇಕಾದ ಕಾರಣ. ವಾಂತಿಯೋ ಎಚ್ಚರ ತಪ್ಪುವುದೋ ಇದ್ದರೆ ಮರುದಿನವನ್ನೂ ಕಾಯಬಾರದು. ಸಿ.ಟಿ. ಸ್ಕ್ಯಾನ್‌ನಲ್ಲಿ ಕೋಣೆಗಳ ಗಾತ್ರ ಕಾಣುತ್ತದೆ. ಆದರೆ ಮಿದುಳು ಸವೆದು ಕುಗ್ಗಿದಾಗಲೂ ಅವು ದೊಡ್ಡದಾಗಿ ಕಾಣುವುದರಿಂದ ಹಳೆಯ ಸ್ಕ್ಯಾನ್‌ಗಳನ್ನು ಎಸೆಯದೆ ಜೊತೆಗೆ ಒಯ್ಯಬೇಕು. ಹೋಲಿಸಿ ನೋಡಲು ವೈದ್ಯರಿಗೆ ಅವು ಬೇಕು.

ಕೆಲವರಿಗೆ ಮೂಳೆಯನ್ನು ಮರಳಿ ಕೂರಿಸಿದರೆ ಹರಿವು ತಾನೇ ಸರಿಹೋಗುತ್ತದೆ. ಉಳಿದವರಿಗೆ ‘ಷಂಟ್’ ಹಾಕುತ್ತಾರೆ. ಇದು ಮಿದುಳಿನ ಕೋಣೆಯಿಂದ ಚರ್ಮದಡಿಯಲ್ಲೇ ಇಳಿದು ಹೊಟ್ಟೆಯೊಳಗೆ ದ್ರವ ಬಿಡುವ ಸಣ್ಣ ನಳಿಕೆ. ನಡುವೆ ಒಂದು ಕವಾಟ. ಒತ್ತಡ ಮಿತಿ ದಾಟಿದರಷ್ಟೇ ಅದು ತೆರೆದುಕೊಳ್ಳುತ್ತದೆ, ನಿಮ್ಮ ಮನೆಯ ಪ್ರೆಷರ್ ಕುಕ್ಕರಿನ ಸೀಟಿಯಂತೆ. 1956ರಲ್ಲಿ ಅಮೆರಿಕದ ಜಾನ್ ಹೋಲ್ಟರ್ ಎಂಬ ಯಂತ್ರಕರ್ಮಿ ತನ್ನ ಮಗುವಿನ ಇದೇ ತೊಂದರೆಗೆ ಪರಿಹಾರ ಹುಡುಕುತ್ತ ಇಂಥದೊಂದು ಕವಾಟ ರೂಪಿಸಿದ. ನಮ್ಮ ದೇಶದ ‘ಛಾಬ್ರಾ ಷಂಟ್’ ವಿದೇಶಿ ಷಂಟ್‌ಗಳಿಗಿಂತ ಬಹಳ ಅಗ್ಗ. ಉಗಾಂಡದ ಮಕ್ಕಳಲ್ಲಿ ಎರಡನ್ನೂ ಹೋಲಿಸಿದ 2005ರ ಅಧ್ಯಯನದಲ್ಲಿ ವರ್ಷದ ಕೊನೆಗೆ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಷಂಟ್ ಕಟ್ಟಿಕೊಳ್ಳಬಹುದು, ಸೋಂಕೂ ತಗಲಬಹುದು. ಆಗಲೂ ಮೊದಲು ಮರಳುವುದು ಅದೇ ಮಂಪರು, ಅದೇ ತಡವರಿಸುವ ನಡಿಗೆ. ಸೋಂಕಾದರೆ ಜೊತೆಗೆ ಜ್ವರ.